ಕೊಸರಾಗಿ ಸಿಕ್ಕ ಚುಕ್ಕೆ

ನಾನು ಹುಟ್ಟಿದಾಗಿನಿಂದ ಏನನ್ನೂ ಹುಡುಕಿದವಳಲ್ಲ. ಜಂಬಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ, ಜಂಬವೇ. ನನ್ನ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೆ ಸಾಸಿವೆ ಡಬ್ಬಿ ತನ್ನ ಜಾಗದಲ್ಲಿರುತ್ತದೆ, ಇಕ್ಕಳ ತನ್ನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ನಮ್ಮೂರಲ್ಲಿ ಹೀಗೆ ಬದುಕುವವರು ಕಡಿಮೆ. ನಮ್ಮೂರಲ್ಲಿ ಏನನ್ನು ಹುಡುಕಲು ಹೊರಟರೂ ಇನ್ನೊಂದು ಸಿಗುತ್ತದೆ. ಹುಡುಕಿದ್ದು ಸಿಗಬಹುದು, ಸಿಗದೆಯೂ ಇರಬಹುದು, ಆದರೆ ಆ ಇನ್ನೊಂದು ಮಾತ್ರ ಸಿಕ್ಕೇ ಸಿಗುತ್ತದೆ. ಸೊಪ್ಪಿನವಳು ಕಟ್ಟಿನ ಮೇಲೆ ಎರಡು ಕಡ್ಡಿ ಜಾಸ್ತಿ ಹಾಕಿ ಕೊಡುತ್ತಾಳಲ್ಲ, ಹಾಗೆ. ಅದಕ್ಕೇ ಅದನ್ನು ಕೊಸರು ಅನ್ನುತ್ತೇವೆ.

ಜನ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾರೆ. ಮೂಲೆಮನೆ ಮೇಷ್ಟ್ರಿಗೆ ಕನ್ನಡಕ ಬೇಕಾದರೆ ಮನೆಯೆಲ್ಲ ಬೀಗದಕೈ ಹುಡುಕುತ್ತಾರೆ. ಹಸು ತಪ್ಪಿಸಿಕೊಂಡವರು ಬುಟ್ಟಿ ಹಿಡಿದು ನುಗ್ಗೆಸೊಪ್ಪು ಹುಡುಕಲು ಹೋಗುತ್ತಾರೆ. ಸಿಕ್ಕ ಕೊಸರನ್ನು ಮಾತ್ರ ಸಿಕ್ಕಲ್ಲೇ ಬಿಟ್ಟು ಬರುವ ಹಾಗಿಲ್ಲ. ಅದು ಯಾರದೋ ಅವರ ಮನೆಗೆ ಒಯ್ಯಬೇಕು. ಅವರು ನೋಡಿ, "ಹೌದು, ಇದು ನಮ್ದೇ" ಅಂದು, ತಂದವರ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದರೆ ಅಲ್ಲಿಗೆ ಮುಗಿಯಿತು. ಅದು ಏನು ಎತ್ತ ಅಂತಲೇ ಗೊತ್ತಾಗದಿದ್ದರೆ, ಗೊತ್ತಾಗುವ ತನಕ ತಂದವರು ದಿನಾ ಆ ಮನೆಗೆ ಬಂದು ಒಂದು ಹೊತ್ತು ಊಟ ಮಾಡಬೇಕು. ಗುರುತು ಪರಿಚಯ ಇಲ್ಲದ್ದನ್ನು ಒಂದು ಮನೆಯವರ ತಲೆಗೆ ಕಟ್ಟಿ ತಾವು ಕೈ ತೊಳೆದುಕೊಂಡು ಹೋಗಬಾರದಲ್ಲ.

ನನ್ನ ಓರಗಿತ್ತಿ ಇಂದ್ರಾಣಿ ಈ ಊರಿಗೆ ಹೇಳಿ ಮಾಡಿಸಿದವಳು. ಅವಳು ನನ್ನ ಮೈದುನ ಶಾಂತರಾಜುವಿನ ಹೆಂಡತಿ. ನಮ್ಮದು ಒಂದೇ ಮನೆ, ಎರಡು ಭಾಗ. ಈಚೆ ನಾನೊಬ್ಬಳು, ಆಚೆ ಅವರಿಬ್ಬರು, ಮಗಳು ಮದುವೆಯಾಗಿ ಹೋಗಿದ್ದಾಳೆ, ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕ ಅಂತ ಒಂದಿದೆ, ನಾನದನ್ನು ಹಾಕಿದ್ದೇ ಇಲ್ಲ, ಹಾಕಲು ಅವಳು ಬಿಡಬೇಕಲ್ಲ! ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಸರಿಯಾಗಿ ಆ ಬಾಗಿಲಲ್ಲಿ ತಲೆ ಹಾಕುತ್ತಾಳೆ. "ಅಕ್ಕ, ನನ್ನ ಬಾಚಣಿಗೆ ಇಲ್ಲೇನಾದ್ರೂ ಬಂತಾ?" ಬಾಚಣಿಗೆ ಆಗದಿದ್ದರೆ ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ಆಗದಿದ್ದರೆ ಜರಡಿ. ಹೆಚ್ಚಾಗಿ ಜರಡಿಯೇ. ನಾವಿಬ್ಬರೂ ಸಾರಿನ ಪುಡಿ, ಹುರಿಹಿಟ್ಟು ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ನನಗೊಂದು ಜರಡಿ, ಅವಳಿಗೊಂದು. ನನ್ನದು ಮೊಳೆ ಬಿಟ್ಟು ಅಲ್ಲಾಡಿದ್ದಿಲ್ಲ. ಅವಳದು ದಿನ ಬೆಳಗಾದರೆ ನಾಪತ್ತೆ.

"ಜರಡಿಗೇನು ಕಾಲು ಬಂದಿದ್ಯೇನೇ?" ಅನ್ನುತ್ತೇನೆ.

"ಬಂದಿರ್ಬೋದು, ಯಾರು ಕಂಡೋರು," ಅನ್ನುತ್ತಾ ಮಣೆ ಎಳೆದುಕೊಂಡು ಕೂರುತ್ತಾಳೆ. ಬಾಣಲೆಯ ತಳ ಹಿಡಿದ ಉಪ್ಪಿಟ್ಟಿನ ಸೀಕಲು ಕೆರೆದು ತಿನ್ನುತ್ತಾಳೆ. ಊರಲ್ಲಿ ಯಾರು ಯಾರನ್ನು ಬೈದರು, ಯಾರ ಸೊಸೆ ಯಾವ ಸೀರೆ ಉಟ್ಟಳು, ಎಲ್ಲ ಒಪ್ಪಿಸುತ್ತಾಳೆ. ಆಮೇಲೆ ಸೆರಗು ಕೊಡವಿಕೊಂಡು ಎದ್ದು ಹೋಗುತ್ತಾಳೆ. ಹೋಗುವಾಗ ಜರಡಿಯ ಮಾತೇ ಇಲ್ಲ. ಇಷ್ಟು ವರ್ಷವಾದರೂ ಒಂದು ಜರಡಿ ಇಟ್ಟ ಜಾಗ ನೆನಪಿರದ ಹೆಂಗಸು ಸಂಸಾರ ಹೇಗೆ ಮಾಡಿದಳೋ ಅಂತ ನಾನು ನನ್ನಷ್ಟಕ್ಕೆ ಗೊಣಗಿಕೊಳ್ಳುತ್ತೇನೆ.

ಒಂದು ದಿನ ಹಾಗೇ ಬಂದಳು. "ಅಕ್ಕ, ಜರಡಿ ಕಾಣ್ತಿಲ್ಲ," ಅಂದಳು. ನೋಡಿದರೆ ಜರಡಿ ಅವಳ ಕಂಕುಳಲ್ಲೇ ಇದೆ.

ನನಗೆ ಪಿತ್ತ ನೆತ್ತಿಗೇರಿತು. "ನಿನ್ನ ಕಂಕುಳಲ್ಲಿರೋದೇನು ಮತ್ತೆ, ನಿನ್ನ ತಲೆಯಾ?" ಅಂದೆ.

ಅವಳು ಕಂಕುಳು ನೋಡಿಕೊಂಡಳು. ಜರಡಿಯನ್ನು ನೆಲಕ್ಕಿಟ್ಟಳು. ಮಣೆ ಎಳೆದುಕೊಳ್ಳಲಿಲ್ಲ. ನಿಂತೇ ಹೇಳಿದಳು, "ಸ್ನಾನ ಮಾಡ್ತಾ ಸೋಪು ಜಾರಿಹೋಯ್ತು ಅಕ್ಕ. ಕಣ್ಣಿಗೆ ನೊರೆ ಹೋಗಿತ್ತು, ತಡಕಾಡ್ತಾ ಇದ್ದೆ. ಎದೇಲಿ ಒಂದು ಗಂಟು ಸಿಕ್ತು."

ಒಲೆಯ ಮೇಲೆ ಕೊತ್ತಂಬರಿ ಬೀಜ ಸೀದುಹೋದದ್ದು ಅಂದೇ ಮೊದಲು.

ಮುಂದಿನದೆಲ್ಲ ಆಸ್ಪತ್ರೆಯಲ್ಲಿ ನಡೆಯಿತು. ಸೂಜಿ ಚುಚ್ಚಿ ಚೂರು ತೆಗೆದು ನೋಡಿದರು. ಗಂಟು ಕೆಟ್ಟ ಜಾತಿಯದೇ, ಆದರೆ ಸಣ್ಣದು, ತೆಗೆದು ಔಷಧಿ ಕೊಟ್ಟರೆ ವಾಸಿಯಾಗುತ್ತದೆ ಅಂದರು ಆಪರೇಷನ್ ಮಾಡುವ ಡಾಕ್ಟರು. ಅದಕ್ಕೆ ಮೊದಲು ಎದೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಇನ್ನೆಲ್ಲಾದರೂ ಮರಿಗಂಟು ಇದೆಯೋ ಏನೋ ಅಂತ ಸ್ಕ್ಯಾನ್‌ಗೆ ಬರೆದುಕೊಟ್ಟರು. ಹುಡುಕುವುದು ಅಂದರೆ ಕೊಸರು ಇದ್ದದ್ದೇ ಅಂತ ನಾನು ಆಗಲೇ ಅಂದುಕೊಂಡೆ. ಇಂದ್ರಾಣಿಗೆ ಅದರ ಗೊಡವೆಯೇ ಇಲ್ಲ. ಅವಳನ್ನು ಬೋರಲು ಮಲಗಿಸಿ ಆ ಸುರಂಗದಂಥ ಯಂತ್ರದೊಳಗೆ ಕಳಿಸಿದರಂತೆ. ಹೊರಗೆ ಬಂದವಳು, "ಒಳಗೆ ಯಾರೋ ತಗಡಿನ ಮೇಲೆ ಕಲ್ಲಲ್ಲಿ ಕುಟ್ಟಿದ ಹಾಗಾಗುತ್ತೆ ಅಕ್ಕ, ನಿದ್ದೆ ಬರ್ತಿತ್ತು, ಹಾಳಾದೋರು ಮಲಗೋಕೆ ಬಿಡ್ಲಿಲ್ಲ," ಅಂದಳು.

ಸ್ಕ್ಯಾನ್ ನೋಡುವವರು ಡಾಕ್ಟರ್ ಸೆವ್ರಿನ್ ಅಂತ, ಘಟ್ಟದ ಕೆಳಗಿನ ಹುಡುಗಿ. ನಮ್ಮೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ತೆಳ್ಳಗೆ, ಕಣ್ಣ ಕೆಳಗೆ ಕಪ್ಪು, ಮಧ್ಯಾಹ್ನ ಬಿಸ್ಕತ್ತು ತಿಂದು ಬದುಕುವವಳು ಅಂತ ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಮೂವರನ್ನೂ ಒಳಗೆ ಕರೆದು ಪರದೆ ತೋರಿಸಿದಳು.

"ಎದೆಯಲ್ಲಿ ಅದೊಂದೇ ಉಂಟು, ಬೇರೆ ಎಂತದೂ ಇಲ್ಲ. ಅದು ಒಳ್ಳೆಯ ಸಂಗತಿ," ಅಂದಳು. ಆಮೇಲೆ ಬೆರಳನ್ನು ಚಿತ್ರದ ಕೆಳ ಅಂಚಿಗೆ ತಂದಳು. "ಎದೆಯ ಸ್ಕ್ಯಾನ್ ಮಾಡುವಾಗ ಲಿವರ್‌ನ ಮೇಲಿನ ಭಾಗವೂ ಸ್ವಲ್ಪ ಕಾಣ್ತದೆ. ನಾವು ಅದನ್ನು ನೋಡ್ಲಿಕ್ಕೆ ಹೋದದ್ದಲ್ಲ. ಆದ್ರೆ ಇಲ್ಲಿ ಒಂದು ಚುಕ್ಕೆ ಉಂಟು, ನೋಡಿ."

ಕಪ್ಪು ಬಿಳುಪಿನ ನಡುವೆ ಹುರಿಗಡಲೆಯಷ್ಟು ಒಂದು ಬೆಳ್ಳನೆ ಚುಕ್ಕೆ.

"ಕೊಸರು," ಅಂದ ಶಾಂತರಾಜು. ಅವನು ಮಾತಾಡುವುದೇ ಕಡಿಮೆ, ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಮಾತೆಲ್ಲ ಖರ್ಚಾಗಿಹೋಯಿತು ಅನ್ನುತ್ತಾನೆ.

"ಎಂತದು?" ಅಂದಳು ಡಾಕ್ಟರು.

"ಅದೇನಮ್ಮ ಅದು, ಚುಕ್ಕೆ?" ಅಂತ ನಾನು ನಡುವೆ ಬಾಯಿ ಹಾಕಿದೆ. "ಬಿಡಿಸಿ ಹೇಳು. ನಮಗೆ ಸುತ್ತಿ ಬಳಸಿ ಹೇಳಿದ್ರೆ ಆಗಲ್ಲ."

ಅವಳು ಬಿಡಿಸಿಯೇ ಹೇಳಿದಳು, ಅದಕ್ಕೆ ಮೆಚ್ಚಿದೆ. ಇಂಥ ಚುಕ್ಕೆಗಳು ಎಷ್ಟೋ ಜನರ ಲಿವರ್‌ನಲ್ಲಿ ಇರುತ್ತವಂತೆ. ಬಹಳ ಸಲ ಅದು ನೀರು ತುಂಬಿದ ಗುಳ್ಳೆಯೋ, ರಕ್ತನಾಳಗಳ ಸಣ್ಣ ಗಂಟೋ ಆಗಿರುತ್ತದೆ, ಅದರ ಪಾಡಿಗೆ ಅದಿರುತ್ತದೆ. ಆದರೆ ಕೆಲವು ಸಲ ಎದೆಯ ಕಾಯಿಲೆಯೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಹಾಗಿದ್ದರೆ ಆಪರೇಷನ್ ಮಾಡುವುದಿಲ್ಲ. ಆಮೇಲೆ ಔಷಧಿ ಕೊಟ್ಟು ದಿನ ಮುಂದೂಡಬಹುದು ಅಷ್ಟೆ. "ಲಿವರ್‌ಗೇ ಅಂತ ಇನ್ನೊಂದು ಸ್ಕ್ಯಾನ್ ಮಾಡ್ಬೇಕು. ಮುಂದಿನ ವಾರ ಜಾಗ ಉಂಟು. ಅಲ್ಲಿವರೆಗೆ ಎಂತದು ಅಂತ ಹೇಳ್ಲಿಕ್ಕೆ ನನಗಾಗುದಿಲ್ಲ. ಸುಮ್ಮನೆ ಹೆದರಬೇಡಿ ಆಯ್ತಾ?"

ಅವಳು ಹೇಳಿದ್ದರಲ್ಲಿ ‘ಬಹಳ ಸಲ’ ಅನ್ನುವುದು ನನ್ನ ಕಿವಿಗೆ ಹೋಗಲೇ ಇಲ್ಲ. ‘ಕೆಲವು ಸಲ’ ಅನ್ನುವುದು ಹೋಗಿ ಅಲ್ಲೇ ಕೂತಿತು.

ಇಂದ್ರಾಣಿ ಪರದೆಗೆ ಮುಖ ಹತ್ತಿರ ತಂದು ಆ ಚುಕ್ಕೆಯನ್ನು ನೋಡಿದಳು. ಆಮೇಲೆ ಡಾಕ್ಟರನ್ನು ಮೇಲಿಂದ ಕೆಳಕ್ಕೆ ನೋಡಿದಳು. "ನಿಮಗೆ ತಾನೇ ಇದು ಸಿಕ್ಕಿದ್ದು?" ಅಂದಳು.

"ಹೌದಮ್ಮ, ನಾನೇ ನೋಡಿದ್ದು."

"ಹಾಗಾದ್ರೆ ನಾಳೆ ಊಟಕ್ಕೆ ಬನ್ನಿ. ನೀವು ಮೀನು ಮಾಂಸದೋರು ಅಂತ ಗೊತ್ತು, ನಮ್ಮನೇಲಿ ಅದಿಲ್ಲ. ಬಸ್ಸಾರು ಮಾಡಿರ್ತೀನಿ."

ಡಾಕ್ಟರು ತಬ್ಬಿಬ್ಬಾದಳು. ಬೇಡ, ಕೆಲಸ ಉಂಟು, ಹಾಗೆಲ್ಲ ಹೋಗಬಾರದು ಅಂತ ಏನೇನೋ ಅಂದಳು. ಮಾರನೆಯ ದಿನ ಶಾಂತರಾಜು ಸೈಕಲ್ ತೆಗೆದುಕೊಂಡು ಹೋಗಿ ಸ್ಕ್ಯಾನ್ ಕೋಣೆಯ ಮುಂದೆ ನಿಂತನಂತೆ. ಅಲ್ಲಿದ್ದ ನರ್ಸಮ್ಮ ನಮ್ಮೂರಿನವಳು. "ಹೋಗಿ ಬನ್ನಿ ಡಾಕ್ಟ್ರೇ, ಕೊಸರು ಕೊಟ್ಟು ಹಂಗೇ ಬಿಟ್ರೆ ನಿಮ್ಮ ಯಂತ್ರಕ್ಕೆ ಇನ್ನು ಯಾರೂ ಮಲಗಲ್ಲ," ಅಂದಳಂತೆ. ಅಂತೂ ಬಂದಳು. ಸೈಕಲ್ಲಿನ ಹಿಂದೆ ಕೂತು, ಬಿಳಿ ಕೋಟು ಮಡಿಸಿ ತೊಡೆಯ ಮೇಲಿಟ್ಟುಕೊಂಡು.

ಬಸ್ಸಾರಿಗೆ ಅವಳು ಮುದ್ದೆಯನ್ನು ಅಗಿದು ತಿನ್ನಲು ಶುರು ಮಾಡಿದಳು! ಇಂದ್ರಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ನ ಕಂದಾ, ಅದು ಚೂಯಿಂಗ್ ಗಮ್ಮಲ್ಲ, ನುಂಗು, ನುಂಗು," ಅಂತ ಕೈ ಹಿಡಿದು ತುತ್ತು ಮುರಿದು ತೋರಿಸಿದಳು. ಅವಳ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಆದದ್ದು ಹಾಗೆ. ಮೂರನೆಯ ದಿನದ ಹೊತ್ತಿಗೆ ಸೈಕಲ್ ಕಳಿಸುವ ಕೆಲಸವೇ ಇರಲಿಲ್ಲ, ಅವಳೇ ನಡೆದು ಬರುತ್ತಿದ್ದಳು. ಬಂದವಳು ಮೊದಲು ಇಂದ್ರಾಣಿಯ ಮುಖ ನೋಡುತ್ತಿದ್ದಳು, ಆಮೇಲೆ ತಟ್ಟೆ. ಒಂದು ದಿನ ಕೈ ತೊಳೆಯುತ್ತಾ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು, "ದೊಡ್ಡಮ್ಮ, ನಾವು ದಿನಕ್ಕೆ ಎಷ್ಟೋ ಜನರದ್ದು ಇಂಥದ್ದು ಬರೆದು ಕಳಿಸ್ತೇವೆ. ಬರೆದ ಮೇಲೆ ಅವರು ಮನೆಯಲ್ಲಿ ಹೇಗೆ ಇರ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ."

"ಹೀಗೇ ಇರ್ತಾರೆ," ಅಂದೆ. "ಉಣ್ತಾರೆ, ತಿಂತಾರೆ, ಒಗ್ಗರಣೆಗೆ ಸಾಸಿವೆ ಬದಲು ರಾಗಿ ಹಾಕ್ತಾರೆ."

ಹಾಕಿದ್ದು ನಾನೇ. ಸಾಸಿವೆ ಡಬ್ಬಿ ತನ್ನ ಜಾಗದಲ್ಲೇ ಇತ್ತು, ನನ್ನ ಕೈ ಅದರ ಜಾಗದಲ್ಲಿರಲಿಲ್ಲ.

ಶಾಂತರಾಜುವಿನ ಕಥೆ ಇನ್ನೊಂದು. ಬೆಳಗಾದರೆ "ನನ್ನ ಚಪ್ಪಲಿ ಕಂಡ್ರಾ, ಚಪ್ಪಲಿ ಕಂಡ್ರಾ" ಅಂತ ಬೀದಿ ಬೀದಿ ಕೇಳಿಕೊಂಡು ಹೋಗುತ್ತಿದ್ದ, ಚಪ್ಪಲಿ ಮೆಟ್ಟಿಕೊಂಡೇ. ಯಾರೂ ನಗಲಿಲ್ಲ. "ಇಲ್ಲ ಕಣಪ್ಪ, ಆಚೆ ಬೀದೀಲಿ ನೋಡು" ಅನ್ನುತ್ತಿದ್ದರು. ಸಂಜೆ ಬರುವಾಗ ಅವನ ಕೈಯಲ್ಲಿ ಯಾರದೋ ಮಗುವಿನ ಕಾಲ್ಗೆಜ್ಜೆ, ಯಾರದೋ ಪೆನ್ನು. ಅದನ್ನೆಲ್ಲ ಮನೆ ಮನೆಗೆ ಕೊಟ್ಟು ಬೆಲ್ಲ ತಿಂದು ತಿಂದು ಅವನಿಗೆ ಹಲ್ಲುನೋವು ಬಂತು. ಅವನಿಗೆ ಬೇಕಾಗಿದ್ದು ಏನು ಅಂತ ಊರಿಗೆಲ್ಲ ಗೊತ್ತಿತ್ತು. ಅದು ಯಾವ ಬೀದಿಯಲ್ಲೂ ಸಿಗಲಿಲ್ಲ.

ಇಂದ್ರಾಣಿ ಮಾತ್ರ ಹೇಗಿದ್ದಳೋ ಹಾಗೇ. ಬೆಳಗ್ಗೆ ಬಾಗಿಲಲ್ಲಿ ತಲೆ ಹಾಕುವುದು, ಜರಡಿ ಕೇಳುವುದು, ಸೀಕಲು ಕೆರೆಯುವುದು. ಒಂದು ದಿನ ಕೆರೆಯುತ್ತಾ ಕೆರೆಯುತ್ತಾ ಕೈ ನಿಂತಿತು. "ಅಕ್ಕ, ಆ ಚುಕ್ಕೆ ಈ ಗಂಟಿನ ಕಡೇದೇ ಆದ್ರೆ, ಮಗಳ ಹೆರಿಗೆ ಆಗೋ ತನಕ ಅವಳಿಗೆ ಹೇಳ್ಬೇಡಿ. ಬಾಣಂತನಕ್ಕೆ ನೀವೇ ಹೋಗ್ಬೇಕಾಗುತ್ತೆ. ಖಾರ ಕಮ್ಮಿ ಹಾಕಿ, ನಿಮ್ಮ ಕೈ ಖಾರ ಜಾಸ್ತಿ."

"ನನ್ನ ಕೈ ಖಾರ ಇಷ್ಟು ವರ್ಷ ತಿಂದು ಗುಂಡುಕಲ್ಲಿನ ಹಾಗೆ ಕೂತಿದ್ದೀಯಲ್ಲ," ಅಂದೆ. ಅಂದ ಮೇಲೆ ಹಿತ್ತಿಲಿಗೆ ಹೋಗಿ ನಿಂತೆ. ನನಗೆ ಅಳು ಬಂದರೆ ಮೂಗು ಕೆಂಪಾಗುತ್ತದೆ, ಅವಳು ಕಂಡರೆ ಆಡಿಕೊಳ್ಳುತ್ತಾಳೆ. ಅವಳಿಲ್ಲದ ಮನೆಯಲ್ಲಿ ಆ ನಡುಬಾಗಿಲನ್ನು ಏನು ಮಾಡಲಿ ಅಂತ ಯೋಚನೆ ಬಂತು. ನನಗೆ ಅವಳು ಬೇಕು. ಅಷ್ಟೇ, ಅದಕ್ಕಿಂತ ಬೇರೆ ಮಾತಿಲ್ಲ.

ಲಿವರ್ ಸ್ಕ್ಯಾನ್ ದಿನ ಹತ್ತಿರ ಬಂದಂತೆ ನನಗೆ ಇನ್ನೊಂದು ಭಯ ಹತ್ತಿತು. ಎದೆ ಹುಡುಕಿದಾಗ ಲಿವರ್ ಸಿಕ್ಕಿತು. ಲಿವರ್ ಹುಡುಕಿದಾಗ ಇನ್ನೇನು ಸಿಗುತ್ತದೆ? ಮೂತ್ರಪಿಂಡವೋ, ಬೆನ್ನುಮೂಳೆಯೋ? ಅದನ್ನು ಹುಡುಕಲು ಹೋದರೆ ಮತ್ತೊಂದು. ಹೀಗೆ ಒಬ್ಬಳೇ ಹೆಂಗಸಿನ ಮೈಯಲ್ಲಿ ಎಷ್ಟು ಅಂತ ಸಿಗಬೇಕು? ನಮ್ಮೂರಲ್ಲಿ ಇದಕ್ಕೊಂದು ಉಪಾಯವಿದೆ, ಕೊಸರು ಇಡುವುದು ಅನ್ನುತ್ತಾರೆ. ಹೆಣ್ಣು ಹುಡುಕಲು ಹೊರಟ ಗಂಡಿನ ಜೇಬಿಗೆ ಅವರಮ್ಮ ಒಂದು ನಿಂಬೆಹಣ್ಣು ಹಾಕಿರುತ್ತಾಳೆ. ಹೆಣ್ಣಿನ ಮನೆಯಲ್ಲಿ ಕರವಸ್ತ್ರಕ್ಕೆ ಕೈ ಹಾಕಿದಾಗ ಆ ನಿಂಬೆಹಣ್ಣು ಸಿಕ್ಕಿದರೆ ಕೊಸರು ಅಲ್ಲಿಗೆ ತೀರಿತು, ಬೇರೆ ರಗಳೆ ಸಿಗುವುದಿಲ್ಲ. ನಾನೂ ಹಾಗೇ ಮಾಡೋಣ ಅಂದುಕೊಂಡೆ. ಅತ್ತೆಯ ಕಾಲದ ಒಂದು ತೂತಿನ ಕಾಸು ನನ್ನ ಡಬ್ಬಿಯಲ್ಲಿತ್ತು.

ಆ ಬೆಳಗ್ಗೆ ನಾನೇ ಆಚೆ ಮನೆಗೆ ಹೋದೆ. "ಬಾ, ತಲೆ ಬಾಚ್ತೀನಿ," ಅಂದೆ.

ಇಂದ್ರಾಣಿ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. "ಯಾಕಕ್ಕ, ನಾನು ಸತ್ತೇ ಹೋಗ್ತೀನಾ?"

"ಬಾಯಿ ಮುಚ್ಚಿಕೊಂಡು ಕೂತ್ಕೋ."

ಕೂತಳು. ಅವಳು ಮದುವೆಯಾಗಿ ಬಂದಾಗ ಆ ಕೂದಲನ್ನು ನಾನೇ ಎರಡು ಜಡೆ ಹಾಕಿದ್ದೆ, ಕೈ ತುಂಬ ಬರುತ್ತಿತ್ತು. ಈಗ ಬೆರಳಿಗೆ ಒಂದು ಸುತ್ತು. ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ತುರುಬು ಸುತ್ತಿದೆ. ಸುತ್ತುವಾಗ ಕಾಸನ್ನು ಒಳಗೆ ಸೇರಿಸಿ ಬಿಗಿಯಾಗಿ ಗಂಟು ಹಾಕಿದೆ. ಅವಳಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ನನ್ನ ಮೊಣಕಾಲಿಗೆ ಒರಗಿದ್ದಳು.

ಆಸ್ಪತ್ರೆಯಲ್ಲಿ ಅವಳನ್ನು ಬಳೆ, ಓಲೆ, ಸರ ಎಲ್ಲ ಬಿಚ್ಚಿಸಿ ಹಸಿರು ನಿಲುವಂಗಿ ಹಾಕಿ ಸ್ಕ್ಯಾನ್ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದರು. ಆ ಯಂತ್ರದ ಒಳಗೆ ದೊಡ್ಡ ಅಯಸ್ಕಾಂತ ಇರುತ್ತದಂತೆ, ಲೋಹದ ಚೂರೂ ಇರಬಾರದಂತೆ. ಮೊದಲ ಸಲ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನರ್ಸಮ್ಮ ಒಂದು ಕೋಲಿನಂಥದ್ದನ್ನು ಇಂದ್ರಾಣಿಯ ಮೈ ಸುತ್ತ ಆಡಿಸಿದಳು. ತಲೆಯ ಹತ್ತಿರ ಬಂದ ಕೂಡಲೇ ಅದು ಕುಂಯ್ ಅಂತ ಅರಚಿಕೊಂಡಿತು.

ತುರುಬು ಬಿಚ್ಚಿದರು. ಕಾಸು ಟಣ್ ಅಂತ ನೆಲಕ್ಕೆ ಬಿದ್ದು ಉರುಳಿ ಡಾಕ್ಟರ್ ಸೆವ್ರಿನ್‌ಳ ಬೂಟಿಗೆ ತಾಗಿ ನಿಂತಿತು. ಡಾಕ್ಟರು ಕಾಸು ನೋಡಿದಳು, ಇಂದ್ರಾಣಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

"ದೊಡ್ಡಮ್ಮ! ಎಂತ ಮಾಡಿದ್ದು ನೀವು? ಇದು ಕಬ್ಬಿಣದ್ದಾಗಿದ್ರೆ ಏನಾಗ್ತಿತ್ತು ಗೊತ್ತುಂಟಾ? ಗುಂಡಿನ ಹಾಗೆ ಹೋಗಿ ಬಡಿತಿತ್ತು!" ಡಾಕ್ಟರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಅವಳು ಬೈದದ್ದು ಸರಿಯಾಗಿತ್ತು, ನಾನು ತಲೆ ತಗ್ಗಿಸಿ ಬೈಸಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಚಿಕ್ಕ ಹುಡುಗಿಯಿಂದ ಬೈಸಿಕೊಂಡದ್ದಿಲ್ಲ.

ನರ್ಸಮ್ಮ ಮಾತ್ರ ನನ್ನ ಪರ ಬಂದಳು. "ಅವರು ಕೊಸರು ಇಟ್ಟಿದ್ದು ಡಾಕ್ಟ್ರೇ."

"ಆದ್ರೆ ಸ್ಕ್ಯಾನ್ ಶುರುವಾಗೋ ಮುಂಚೇನೇ ಸಿಕ್ಬಿಡ್ತಲ್ಲ," ಅಂದ ಶಾಂತರಾಜು. "ಅದು ಲೆಕ್ಕಕ್ಕೆ ಬರುತ್ತೋ ಇಲ್ವೋ?"

ಅದೇ ನನ್ನ ಭಯವೂ. ಇಂದ್ರಾಣಿ ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು ನನ್ನ ಹತ್ತಿರ ಬಂದು, "ಅದಕ್ಕಾ ತಲೆ ಬಾಚಿದ್ದು? ನಾನು ಪ್ರೀತಿಗೆ ಅಂದ್ಕೊಂಡೆ," ಅಂದಳು.

"ಪ್ರೀತಿಗೇ ಕಣೇ," ಅಂದೆ. ಬಾಯಿಂದ ಬಂದುಬಿಟ್ಟಿತು.

ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಒಳಗೆ ಕರೆದರು. ಬಾಗಿಲು ಮುಚ್ಚಿತು.

ಕುಟ್ಟುವ ಸದ್ದು ಹೊರಗೂ ಕೇಳುತ್ತಿತ್ತು. ನಡುನಡುವೆ ಮೈಕಿನಲ್ಲಿ, "ಉಸಿರು ಹಿಡಿದುಕೊಳ್ಳಿ" ಅನ್ನುವ ದನಿ. ಅಷ್ಟು ಸಲವೂ ನಾನೂ ಹೊರಗೆ ಉಸಿರು ಹಿಡಿದೆ. ಶಾಂತರಾಜುವೂ ಹಿಡಿದಿರಬೇಕು, ಅವನ ಮುಖ ಕೆಂಪಾಗಿತ್ತು. ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಅವಳ ಬಳೆ, ಓಲೆ, ಸರ ಕಟ್ಟಿದ ಕರವಸ್ತ್ರ.

ಆಮೇಲೆ ಬಾಗಿಲು ತೆರೆದು ಡಾಕ್ಟರೇ ಬಂದಳು. ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ. ನಮ್ಮನ್ನು ಒಳಗೆ ಕರೆದಳು. ಇಂದ್ರಾಣಿ ಆಗಲೇ ಸೀರೆ ಉಟ್ಟುಕೊಂಡು ಪರದೆಯ ಮುಂದೆ ಕುರ್ಚಿಯಲ್ಲಿದ್ದಳು.

"ನೋಡಿ," ಅಂದಳು ಡಾಕ್ಟರು. "ಕೈಗೆ ಸೂಜಿಮದ್ದು ಕೊಟ್ಟಿದ್ದೇವಲ್ಲ, ಆ ಮದ್ದು ಚುಕ್ಕೆಯೊಳಗೆ ಹೇಗೆ ಹೋಗ್ತದೆ ಅಂತ ನೋಡ್ಬೇಕು. ಇದು ಮೊದಲಿನದ್ದು. ಇದು ಸ್ವಲ್ಪ ಹೊತ್ತಾದ ಮೇಲೆ. ಇದು ಇನ್ನೂ ಸ್ವಲ್ಪ ಹೊತ್ತಾದ ಮೇಲೆ."

ಮೊದಲು ಅಂಚಿನಲ್ಲಿ ಅಲ್ಲಲ್ಲಿ ಬೆಳಕು. ಆಮೇಲೆ ಒಳಕ್ಕೆ, ಇನ್ನೂ ಒಳಕ್ಕೆ, ನಿಧಾನವಾಗಿ ತುಂಬಿಕೊಂಡಿತ್ತು. ಹಬ್ಬದ ದಿನ ಇಂದ್ರಾಣಿ ರಂಗೋಲಿಗೆ ಬಣ್ಣ ತುಂಬುವುದು ಹಾಗೇ, ಗೆರೆ ಪಕ್ಕದಿಂದ ಶುರು ಮಾಡಿ ನಡುವಿಗೆ ಬರುತ್ತಾಳೆ.

"ಹೀಗೆ ಅಂಚಿನಿಂದ ತುಂಬಿ ಬಂದ್ರೆ ಅದು ರಕ್ತನಾಳಗಳ ಗಂಟು. ಕಾಯಿಲೆ ಅಲ್ಲ. ಎದೆಯದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಷ್ಟೋ ವರ್ಷದಿಂದ ಇದ್ದಿರ್ಬೇಕು, ಯಾರೂ ನೋಡಿರ್ಲಿಲ್ಲ ಅಷ್ಟೆ. ಇದನ್ನು ಎಂತದೂ ಮಾಡುದು ಬೇಡ. ಆಪರೇಷನ್ ಆಗ್ತದೆ," ಅಂದಳು ಡಾಕ್ಟರು. ಹೇಳಿ ಮುಗಿಸಿ ತಾನೇ ಮೊದಲು ಕಣ್ಣೊರೆಸಿಕೊಂಡಳು.

ಶಾಂತರಾಜು ಕುಕ್ಕರಗಾಲಲ್ಲಿ ನೆಲಕ್ಕೆ ಕೂತು ಚಪ್ಪಲಿ ಬಿಚ್ಚಿ ಎದೆಗೆ ಒತ್ತಿಕೊಂಡ. "ಸಿಕ್ತು," ಅಂದ.

ಕೇಳಲು ಭಯವಾಯಿತು. ಆದರೂ ಕೇಳಿದೆ, "ಮತ್ತೆ? ಬೇರೆ ಏನು ಸಿಕ್ತು?"

"ಬೇರೆ ಎಂತದೂ ಇಲ್ಲ ದೊಡ್ಡಮ್ಮ. ಚೆನ್ನಾಗಿ ನೋಡಿದೆ. ನಿಮ್ಮ ಕಾಸು ಬಿಟ್ರೆ ಎಂತದೂ ಸಿಗ್ಲಿಲ್ಲ."

ಇಂದ್ರಾಣಿ ಪರದೆಯ ಮೇಲಿನ ಚುಕ್ಕೆಯ ಮೇಲೆ ಬೆರಳಿಟ್ಟಳು. "ಹೌದು, ಇದು ನನ್ನದೇ," ಅಂದಳು. ಸೀರೆಯ ಗಂಟಿನಿಂದ ಬೆಲ್ಲದ ಅಚ್ಚು ತೆಗೆದು ಮುರಿದು ಡಾಕ್ಟರ ಬಾಯಿಗೆ ಹಾಕಿದಳು. ಮನೆಯಿಂದ ಹೊರಡುವಾಗಲೇ ಆ ಬೆಲ್ಲ ಕಟ್ಟಿಕೊಂಡಿದ್ದಳು ಅಂತ ನನಗೆ ಆಗ ತಿಳಿಯಿತು.

ಬೆಲ್ಲ ತಿಂದ ಮೇಲೆ ಋಣ ಮುಗಿಯಿತು, ಡಾಕ್ಟರು ಊಟಕ್ಕೆ ಬರಬೇಕಾಗಿಲ್ಲ. ಮಾರನೆಯ ದಿನ ಮಧ್ಯಾಹ್ನ ಸುಡುವ ಬಿಸಿಲಲ್ಲಿ ನಾವು ತಟ್ಟೆ ಹಾಕುತ್ತಿದ್ದಾಗ ಬಾಗಿಲಲ್ಲಿ ಅವಳು ನಿಂತಿದ್ದಳು. "ನನ್ನ ಕೊಡೆ ಹುಡುಕಿಕೊಂಡು ಬಂದೆ. ಇಲ್ಲಿ ಬಿಟ್ಟು ಹೋದೆನಾ ಅಂತ," ಅಂದಳು.

"ಮಳೆ ಬಂದು ಎಷ್ಟು ಕಾಲವಾಯ್ತು, ನೀನೆಲ್ಲಿ ಕೊಡೆ ತಂದಿದ್ದೆ?" ಅಂದೆ ನಾನು.

ಇಂದ್ರಾಣಿ ಇನ್ನೊಂದು ತಟ್ಟೆ ತಂದು ಹಾಕಿದಳು. ಶಾಂತರಾಜು ನನ್ನನ್ನೇ ನೋಡಿ ನಗುತ್ತಿದ್ದ. "ಅತ್ತಿಗೆ, ನೀವು ಈ ಊರೋರೇ ತಾನೇ?" ಅಂದ. ನನಗೆ ರೇಗಿತು. ಅವನಿಗೆ ಸಾರು ಬಡಿಸಲೇ ಇಲ್ಲ, ಅವನೇ ಹಾಕಿಕೊಂಡ.

ಆಪರೇಷನ್ ದಿನ ನಾನು ಬರುವುದಿಲ್ಲ ಅಂದೆ. "ನಾನು ಬಂದು ಏನು ಮಾಡ್ಲಿ, ಕತ್ತರಿ ಹಿಡಿಯೋಕಾ? ಅಂಗಡಿಯೋರು ಪುಡಿಗೆ ಕಾಯ್ತಿದ್ದಾರೆ," ಅಂದೆ. ನಿಜ ಹೇಳಬೇಕೆಂದರೆ ಅವಳನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಅವಳೇನೂ ಒತ್ತಾಯ ಮಾಡಲಿಲ್ಲ. "ಸೀಕಲು ಎತ್ತಿಡಿ," ಅಂದು ಹೋದಳು.

ತಿಂಡಿ ಮುಗಿಯುವ ಹೊತ್ತಾಯಿತು. ನಾನು ನಡುಬಾಗಿಲು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಬಾಣಲೆಯ ಸೀಕಲು ತಣ್ಣಗಾಯಿತು. ಕೊತ್ತಂಬರಿ ಹುರಿದು ಕುಟ್ಟಿ ಜರಡಿ ಹಿಡಿದೆ, ಅದೇ ಜರಡಿಗೆ ಹುರಿಹಿಟ್ಟು ಹಾಕುವ ಹಾಗಿಲ್ಲ, ವಾಸನೆ ಹತ್ತುತ್ತದೆ. ಅವಳದನ್ನೂ ತರೋಣ, ಎಲ್ಲಿ ಒಗೆದಿದ್ದಾಳೋ ಅಂತ ಗೊಣಗಿಕೊಂಡು ಆಚೆ ಮನೆಯ ಅಡುಗೆಮನೆಗೆ ಕಾಲಿಟ್ಟೆ.

ಜರಡಿ ಒಲೆಯ ಪಕ್ಕದ ಮೊಳೆಯಲ್ಲಿತ್ತು. ಒರೆಸಿ ನೇತು ಹಾಕಿತ್ತು. ಅದರ ಪಕ್ಕದ ಮೊಳೆಗೆ ಬಾಚಣಿಗೆ, ಕೆಳಗಿನ ಗೂಡಿನಲ್ಲಿ ಬೆಂಕಿಪೊಟ್ಟಣ. ಗೋಡೆಯಲ್ಲಿ ಜರಡಿಯ ಸುತ್ತ ಹೊಗೆ ಹಿಡಿದು ಕಪ್ಪಾಗಿತ್ತು. ಜರಡಿ ತೆಗೆದು ನೋಡಿದೆ, ಅದರ ಹಿಂದೆ ಗೋಡೆ ದುಂಡಗೆ, ಬೆಳ್ಳಗೆ, ಸುಣ್ಣ ಬಳಿದ ದಿನದ ಹಾಗೇ ಇತ್ತು. ಎಷ್ಟೋ ವರ್ಷದಿಂದ ಆ ಜರಡಿ ಆ ಮೊಳೆಯಲ್ಲೇ ಇತ್ತು.

ಅಲ್ಲೇ ಒಲೆಕಟ್ಟೆಗೆ ಕೈ ಊರಿ ನಿಂತೆ. ಎಂಥಾ ಪೆದ್ದಿ ನಾನು! ಜರಡಿಯನ್ನು ಮತ್ತೆ ಮೊಳೆಗೆ ಹಾಕಿದೆ. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಸೆರಗು ಸಿಕ್ಕಿಸಿ, ಸೀಕಲನ್ನು ಒಂದು ಡಬ್ಬಿಗೆ ಕೆರೆದು ಹಾಕಿಕೊಂಡು ಬೀದಿಗಿಳಿದೆ. ಆ ವಯಸ್ಸಿನಲ್ಲಿ ಓಡಿದೆ ಅಂದರೆ ನೀವು ನಗುತ್ತೀರಿ, ಓಡಿದೆ.

ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಅವಳ ಗಾಲಿಮಂಚ ಇನ್ನೂ ನಿಂತಿತ್ತು. ಶಾಂತರಾಜು ಒಂದು ಕಡೆ, ಬಿಡುವು ಮಾಡಿಕೊಂಡು ಬಂದ ಸೆವ್ರಿನ್ ಇನ್ನೊಂದು ಕಡೆ. ನರ್ಸಮ್ಮ ಕೈ ಅಡ್ಡ ಹಿಡಿದು, "ಎಲ್ಲಿಗೆ ನುಗ್ತಿದ್ದೀರಿ, ಏನು ಬೇಕು?" ಅಂದಳು.

ಏದುಸಿರು ಬಿಡುತ್ತಾ ಹೇಳಿದೆ, "ನಮ್ಮ ಜರಡಿ ಹುಡುಕ್ತಾ ಬಂದೆ."

ನರ್ಸಮ್ಮ ಕೈ ತೆಗೆದಳು.

ಹಸಿರು ಬಟ್ಟೆಯೊಳಗಿಂದ ಇಂದ್ರಾಣಿ ತಲೆ ಎತ್ತಿ ನೋಡಿದಳು. ನನ್ನ ಮೂಗು ಕೆಂಪಾಗಿತ್ತು, ಆಡಿಕೊಳ್ಳಲಿಲ್ಲ. ನನ್ನ ಕೈಯ ಡಬ್ಬಿ ನೋಡಿದಳು. "ಜರಡಿಗೇನು ಕಾಲು ಬಂದಿದ್ಯಾ ಅಕ್ಕ?" ಅಂದಳು.

"ಬಂದಿರ್ಬೋದು. ಯಾರು ಕಂಡೋರು."

"ಹಾಗಾದ್ರೆ ಇಲ್ಲೇ ಕೂತು ಹುಡುಕ್ತಾ ಇರಿ. ನಾನು ಬರೋ ತನಕ ಎದ್ದು ಹೋಗ್ಬೇಡಿ."

ಗಾಲಿಮಂಚ ಒಳಗೆ ಹೋಯಿತು. ನಾನು ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತೆ. ಸೆವ್ರಿನ್ ಬಂದು ಪಕ್ಕದಲ್ಲಿ ಕೂತಳು, ಒಂದಿಷ್ಟು ಸೀಕಲು ತಿಂದಳು, ಕೆಲಸಕ್ಕೆ ಎದ್ದು ಹೋದಳು. ಶಾಂತರಾಜು ಅಲ್ಲೇ ಅಡ್ಡಾಡಿದ. ಬಿಸಿಲು ಕಿಟಕಿಯಿಂದ ಬೆಂಚಿಗೆ ಬಂತು, ಬೆಂಚಿನಿಂದ ನೆಲಕ್ಕೆ ಇಳಿಯಿತು. ನಾನು ಏಳಲಿಲ್ಲ.

ಆಪರೇಷನ್ ಡಾಕ್ಟರು ಬಂದು ಗಂಟು ಪೂರ್ತಿ ಬಂತು, ಚೆನ್ನಾಗಿ ಆಯಿತು ಅಂದರು. ಆಮೇಲೆ ಅವಳನ್ನು ಹೊರಗೆ ತಂದರು. ತುಟಿ ಒಣಗಿತ್ತು, ಬಾಚಿದ ತಲೆ ಕೆದರಿತ್ತು. ನಾನು ಕೈ ಹಿಡಿದುಕೊಂಡೆ. ಮಂಪರು ಇಳಿಯದ ಕಣ್ಣನ್ನು ಅರ್ಧ ತೆರೆದು ನನ್ನನ್ನು ಗುರುತು ಹಿಡಿದಳು.

"ಸಿಕ್ತಾ ಅಕ್ಕ?" ಅಂದಳು.

"ಜರಡಿ ಸಿಗ್ಲಿಲ್ಲ ಕಣೇ," ಅಂದೆ.